ಓಝೋನ್ ಮಷೀನು: ಖಾಲಿ ರೂಮಿಗೆ ಸರಿ, ಉಸಿರಾಡೋರಿಗಲ್ಲ

ಜೆರಾಕ್ಸ್ ಮಷೀನು ಬೆಳಗ್ಗಿಂದ ಓಡ್ತಾನೇ ಇರೋ ಸಣ್ಣ ರೂಮಿಗೆ ಯಾವತ್ತಾದ್ರೂ ಹೋಗಿದ್ದೀರಾ? ಅಲ್ಲೊಂದು ವಾಸನೆ ಇರುತ್ತೆ ನೋಡಿ, ಒಂಥರಾ ಚುರುಕಾಗಿ ಮೂಗಿನೊಳಗೆ ಚುಚ್ಚೋ ಹಾಗೆ, ಜೋರಾಗಿ ಗುಡುಗು ಮಿಂಚು ಆದ್ಮೇಲೆ ಗಾಳೀಲಿ ಕೆಲವೊಮ್ಮೆ ಬರೋದೂ ಅದೇ. ಅದು ಓಝೋನ್. ಆ ವಾಸನೆಗೆ "ಫ್ರೆಶ್" ಅನ್ನೋ ಹೆಸರು ಹೇಗೋ ಅಂಟ್ಕೊಂಡ್ಬಿಟ್ಟಿದೆ, ಆ ಒಂದು ಹೆಸರಿನ ಮೇಲೇ ಇಡೀ ವ್ಯಾಪಾರ ನಡೀತಿದೆ. ಒಂದು ಡಬ್ಬಿ, ಒಳಗೊಂದು ಫ್ಯಾನು, ಮುಂದೊಂದು ನೀಲಿ ಲೈಟು, ಪ್ಲಗ್ ಹಾಕಿದ್ರೆ ಸಾಕು, ಕೆಟ್ಟ ವಾಸನೆ, ಬ್ಯಾಕ್ಟೀರಿಯಾ, ಬೂಷ್ಟು, ವೈರಸ್ಸು ಎಲ್ಲಾ ಮಾಯ ಅಂತಾರೆ. ನನ್ನ ಹತ್ರ ಮೂರು ನಾಲ್ಕು ಜನ ಕೇಳಿದ್ರು, ಇದನ್ನ ತಗೋಬಹುದಾ ಅಂತ. ಒಂದೇ ಸಾಲಲ್ಲಿ ಹೌದು, ಇಲ್ಲ ಅಂತ ಹೇಳೋಕಾಗ್ಲಿಲ್ಲ, ಯಾಕಂದ್ರೆ ಓಝೋನ್ ಕೆಲಸ ಮಾಡಲ್ಲ ಅನ್ನೋದು ಸುಳ್ಳು, ಅದು ನೀವಿರೋ ರೂಮಿನ ಗಾಳಿ ಕ್ಲೀನ್ ಮಾಡುತ್ತೆ ಅನ್ನೋದೂ ಸುಳ್ಳು. ಎರಡೂ ಒಟ್ಟಿಗೆ ಹೇಗೆ ಸುಳ್ಳಾಗುತ್ತೆ ಅನ್ನೋದನ್ನ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಇದು ಏನು ಅಂತ. ನಾವು ಉಸಿರಾಡೋ ಆಕ್ಸಿಜನ್ನಲ್ಲಿ ಎರಡು ಪರಮಾಣು ಜೋಡಿಯಾಗಿರುತ್ತೆ, ಓಝೋನಲ್ಲಿ ಮೂರು. ಆ ಮೂರನೇದು ಅಲ್ಲಿ ನೆಟ್ಟಗೆ ಕೂತಿರೋದೇ ಇಲ್ಲ, ಬಸ್ಸಲ್ಲಿ ಇಬ್ಬರ ಸೀಟಿಗೆ ಮೂರನೇಯವರು ತುದೀಲಿ ಕೂತ ಹಾಗೆ, ಜಾಗ ಸಿಕ್ಕಿದ ಕಡೆ ಹಾರಿಬಿಡುತ್ತೆ. ಹಾರಿ ಯಾವುದರ ಮೇಲೆ ಬೀಳುತ್ತೋ ಅದನ್ನ ಆಕ್ಸಿಡೈಸ್ ಮಾಡುತ್ತೆ, ಅಂದ್ರೆ ಕಬ್ಬಿಣಕ್ಕೆ ತುಕ್ಕು ಹಿಡಿಯೋ ಥರದ ಕೆಲಸವನ್ನೇ ತುಂಬಾ ಫಾಸ್ಟಾಗಿ ಮಾಡುತ್ತೆ. ವಾಸನೆ ಕೊಡೋ ಅಣು ಸಿಕ್ರೆ ಅದನ್ನ ಮುರಿಯುತ್ತೆ. ಬ್ಯಾಕ್ಟೀರಿಯಾದ ಹೊರಗಿನ ಪೊರೆ ಸಿಕ್ರೆ ಅದನ್ನ ಹರಿಯುತ್ತೆ. ರಬ್ಬರ್ ಬ್ಯಾಂಡ್ ಸಿಕ್ರೆ ಅದನ್ನೂ ಬಿರುಕು ಬಿಡಿಸುತ್ತೆ. ನಿಮ್ಮ ಶ್ವಾಸಕೋಶ ಸಿಕ್ರೆ ಅದನ್ನೂ ಬಿಡಲ್ಲ. ಇದು ಕೊಳೆ, ಇದು ಮನುಷ್ಯ ಅಂತ ನೋಡಿ ಕೆಲಸ ಮಾಡೋ ಬುದ್ಧಿ ಅದಕ್ಕಿಲ್ಲ, ಮುಂದೆ ಬರೋದೆಲ್ಲ ಇಲ್ಲಿಂದಲೇ ಹುಟ್ಟೋದು.

"ಓಝೋನ್ ಪದರ ನಮ್ಮನ್ನ ಕಾಪಾಡುತ್ತಲ್ವಾ, ಅದು ಹೇಗೆ ಕೆಟ್ಟದ್ದಾಗುತ್ತೆ" ಅಂತ ಕೇಳೋರೂ ಇದ್ದಾರೆ. ಆ ಪದರ ಇರೋದು ನೆಲದಿಂದ ಸುಮಾರು 15ರಿಂದ 35 ಕಿಲೋಮೀಟರ್ ಮೇಲೆ, ಅಲ್ಲಿ ಅದು ಬಿಸಿಲಿನ ಅಲ್ಟ್ರಾವಯಲೆಟ್ಟನ್ನ ತಡೀತಾ ಇರುತ್ತೆ, ಅದನ್ನ ಯಾರೂ ಉಸಿರಾಡ್ತಿಲ್ಲ. ಮೇಲಿದ್ರೆ ಕೊಡೆ, ಕೆಳಗಿಳಿದ್ರೆ ಕೆಮ್ಮು. ಅಷ್ಟು ಎತ್ತರದ ಹತ್ರ ಹಾರೋ ವಿಮಾನಗಳಿಗೂ ಇದರ ಕಾಟ ಇದೆ, ಅದಕ್ಕೇ ಎಷ್ಟೋ ದೊಡ್ಡ ವಿಮಾನಗಳಲ್ಲಿ ಹೊರಗಿನ ಗಾಳಿ ಕ್ಯಾಬಿನ್‌ಗೆ ಬರೋ ದಾರೀಲಿ ಓಝೋನನ್ನ ಒಡೆಯೋ ಕನ್ವರ್ಟರ್ ಅಂತಲೇ ಒಂದು ಇಟ್ಟಿರ್ತಾರೆ. ಅಲ್ಲಿ ದುಡ್ಡು ಕೊಟ್ಟು ತೆಗೆಯೋದನ್ನ ಇಲ್ಲಿ ದುಡ್ಡು ಕೊಟ್ಟು ಮನೆಯೊಳಗೆ ಬಿಡ್ತಾರೆ, ತಮಾಷೆ ನೋಡಿ.

ಇದರ ಕಥೆ ಹಳೇದು. 1785ರಲ್ಲಿ ಡಚ್ ವಿಜ್ಞಾನಿ ಮಾರ್ಟಿನಸ್ ವಾನ್ ಮಾರುಮ್ ಕರೆಂಟ್ ಕಿಡಿ ಹಾರಿಸೋ ಯಂತ್ರದ ಹತ್ರ ಒಂದು ವಿಚಿತ್ರ ವಾಸನೆ ಬರೋದನ್ನ ಗಮನಿಸಿದ್ರು, ಆದ್ರೆ ಅದು ಬೇರೆಯದೇ ಒಂದು ವಸ್ತು ಅಂತ ಹಿಡಿದು ಹೆಸರಿಟ್ಟಿದ್ದು ಬಾಸೆಲ್‌ನ ಕೆಮಿಸ್ಟ್ರಿ ಪ್ರೊಫೆಸರ್ ಕ್ರಿಸ್ಟಿಯಾನ್ ಫ್ರೀಡ್ರಿಶ್ ಶೋನ್‌ಬೈನ್, 1840ರ ಹೊತ್ತಿಗೆ. ಗ್ರೀಕ್‌ನಲ್ಲಿ ವಾಸನೆ ಬೀರೋದಕ್ಕಿರೋ ಪದದಿಂದಲೇ ಓಝೋನ್ ಅನ್ನೋ ಹೆಸರು ಬಂತು. 1857ರಲ್ಲಿ ವೆರ್ನರ್ ಫಾನ್ ಸೀಮೆನ್ಸ್ ಇದನ್ನ ಬೇಕಾದಾಗ ತಯಾರಿಸೋ ಉಪಕರಣ ಮಾಡಿದ್ರು, ಇವತ್ತಿನ ಡಬ್ಬಿಯೊಳಗಿರೋದೂ ಹೆಚ್ಚುಕಮ್ಮಿ ಅದೇ ಐಡಿಯಾ. 1906ರಲ್ಲಿ ಫ್ರಾನ್ಸಿನ ನೀಸ್ ಊರಲ್ಲಿ ಕುಡಿಯೋ ನೀರಿಗೆ ಓಝೋನ್ ಹಾಯಿಸೋಕೆ ಶುರು ಮಾಡಿದ್ರು, ಇವತ್ತಿಗೂ ಎಷ್ಟೋ ದೇಶಗಳಲ್ಲಿ ನೀರು ಶುದ್ಧ ಮಾಡೋಕೆ ಇದನ್ನ ಬಳಸ್ತಾರೆ, ಅದು ಒಳ್ಳೇ ಉಪಯೋಗ. ಆದ್ರೆ ಅಲ್ಲಿ ಓಝೋನ್ ಮುಚ್ಚಿದ ಟ್ಯಾಂಕಿನೊಳಗೆ ನೀರಿನ ಜೊತೆ ಬೆರೆಯುತ್ತೆ, ಮಿಕ್ಕಿದ್ದನ್ನ ಒಡೆದು ಹೊರಗೆ ಬಿಡ್ತಾರೆ, ಟ್ಯಾಂಕಿನೊಳಗೆ ಯಾರೂ ಕೂತು ಟೀವಿ ನೋಡ್ತಿರಲ್ಲ.

ಗಾಳಿಯ ವಿಷಯದಲ್ಲಿ ಮಾತ್ರ ಆಗಿನಿಂದಲೂ ಬರೀ ಗೊಂದಲ. ಸಮುದ್ರ ತೀರದ ಗಾಳೀಲಿ ಓಝೋನ್ ಇರುತ್ತೆ, ಅದಕ್ಕೇ ಅಲ್ಲಿಗೆ ಹೋದ್ರೆ ಆರೋಗ್ಯ ಸುಧಾರಿಸುತ್ತೆ ಅಂತ 19ನೇ ಶತಮಾನದ ಯುರೋಪಲ್ಲಿ ಜನ ಗಟ್ಟಿಯಾಗಿ ನಂಬಿದ್ರು, ಅವರ ಮೂಗಿಗೆ ಬರ್ತಿದ್ದಿದ್ದು ಸಮುದ್ರದ ಪಾಚಿ ಮತ್ತು ಸೂಕ್ಷ್ಮಜೀವಿಗಳಿಂದ ಹುಟ್ಟೋ ಗಂಧಕದ ಅನಿಲ. 20ನೇ ಶತಮಾನದ ಶುರುವಲ್ಲಿ ಲಂಡನ್ನಿನ ಸುರಂಗ ರೈಲಿನ ಒಂದು ಲೈನಿಗೆ ಓಝೋನ್ ಬೆರೆಸಿದ ಗಾಳಿ ಊದ್ತಿದ್ರು. ಅದೇ ಕಾಲದಲ್ಲಿ, 1913ರಲ್ಲಿ, ಶಿಕಾಗೊ ಯೂನಿವರ್ಸಿಟಿಯ ಜೋರ್ಡನ್ ಮತ್ತು ಕಾರ್ಲ್‌ಸನ್ ಅನ್ನೋ ಇಬ್ಬರು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಜರ್ನಲ್ಲಲ್ಲಿ ಬರೆದೇಬಿಟ್ರು: ಗಾಳೀಲಿರೋ ಬ್ಯಾಕ್ಟೀರಿಯಾ ಸಾಯೋಷ್ಟು ಓಝೋನ್ ಹಾಕಿದ್ರೆ ಅದಕ್ಕೆ ಮೊದಲೇ ಮನುಷ್ಯನಿಗೆ ತೊಂದರೆ ಆಗುತ್ತೆ, ವಾಸನೆ ಹೋಗೋದು ಬಹುಪಾಲು ವಾಸನೆ ಮುಚ್ಚಿಹೋಗೋದ್ರಿಂದ ಅಂತ. ನೂರು ವರ್ಷದ ಮೇಲಾಯ್ತು, ಡಬ್ಬಿ ಮೇಲಿನ ಬಣ್ಣ ಬದಲಾಗಿದೆ ಅಷ್ಟೇ.

ಈಗ ಅಸಲು ವಿಷಯಕ್ಕೆ ಬರೋಣ, ಡೋಸು. ಓಝೋನನ್ನ ಅಳೆಯೋದು ಪಿಪಿಎಂನಲ್ಲಿ, ಅಂದ್ರೆ ಗಾಳಿಯ 10 ಲಕ್ಷ ಅಣುಗಳಲ್ಲಿ ಎಷ್ಟು ಓಝೋನ್ ಅಂತ. ಮನೆ ಒಳಗೆ ಬಳಸೋ ಉಪಕರಣದಿಂದ 0.05 ಪಿಪಿಎಂಗಿಂತ ಜಾಸ್ತಿ ಬರಬಾರದು ಅನ್ನೋದು ಅಮೆರಿಕದ ಆಹಾರ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ವೈದ್ಯಕೀಯ ಉಪಕರಣಗಳಿಗೆ ಇಟ್ಟಿರೋ ಮಿತಿ, ಅಂದ್ರೆ 2 ಕೋಟಿ ಅಣುಗಳಲ್ಲಿ ಒಂದೇ ಒಂದು. ಕ್ಯಾಲಿಫೋರ್ನಿಯಾ 2010ರಿಂದ ಏರ್ ಕ್ಲೀನರ್‌ಗಳಿಗೆ ಇದೇ ಗೆರೆ ಎಳೆದಿದೆ, ದಾಟಿದ್ರೆ ಮಾರೋ ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 8 ಗಂಟೆಯ ಸರಾಸರಿಗೆ ಹೇಳೋದು ಒಂದು ಘನ ಮೀಟರ್ ಗಾಳೀಲಿ 100 ಮೈಕ್ರೋಗ್ರಾಂ, ಲೆಕ್ಕ ಹಾಕಿದ್ರೆ ಅದೂ ಸುಮಾರು 0.05 ಪಿಪಿಎಂ ಹತ್ರಾನೇ ಬರುತ್ತೆ. ಕೆಲಸದ ಜಾಗದಲ್ಲಿ 8 ಗಂಟೆಗೆ ಅಮೆರಿಕದ ಮಿತಿ 0.1. ತಕ್ಷಣ ಜೀವಕ್ಕೇ ಅಪಾಯ ಅಂತ ಅಲ್ಲಿನ ಕಾರ್ಮಿಕ ಆರೋಗ್ಯ ಸಂಸ್ಥೆ ಗುರುತು ಹಾಕಿರೋದು 5 ಪಿಪಿಎಂಗೆ. ಈ ಮೂರು ನಂಬರ್ ತಲೇಲಿ ಇಟ್ಕೊಳ್ಳಿ: 0.05, 0.1, 5.

ಇನ್ನೊಂದು ಕಡೆ, ಗಾಳೀಲಿರೋ ಸೂಕ್ಷ್ಮಜೀವಿಗಳು ಸತ್ತು, ಓಝೋನ್ ಹೋದ್ಮೇಲೂ ಮತ್ತೆ ಚಿಗುರಬಾರದು ಅಂದ್ರೆ ಆರೋಗ್ಯದ ಮಿತಿಗಿಂತ 5ರಿಂದ 10 ಪಟ್ಟು ಜಾಸ್ತಿ ಓಝೋನ್ ಬೇಕಾಗುತ್ತೆ ಅಂತ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಪ್ರಯೋಗಗಳನ್ನ ತೋರಿಸಿ ಹೇಳುತ್ತೆ. ಗೋಡೆ, ಸೋಫಾ, ಕಾರ್ಪೆಟ್ ಒಳಗೆ ಇಳಿದಿರೋ ಹೊಗೆ ವಾಸನೆ ತೆಗೀಬೇಕಂದ್ರೆ ಅದಕ್ಕಿಂತ ಎಷ್ಟೋ ಜಾಸ್ತಿ ಹಾಕ್ತಾರೆ. ಅಂದ್ರೆ ಉಸಿರಾಡಬಹುದಾದಷ್ಟು ಓಝೋನ್ ಹೇಳಿಕೊಳ್ಳೋ ಹಾಗೆ ಏನೂ ಕ್ಲೀನ್ ಮಾಡಲ್ಲ, ಕ್ಲೀನ್ ಮಾಡೋಷ್ಟು ಓಝೋನ್ ಉಸಿರಾಡೋಕಾಗಲ್ಲ. ಎರಡರ ನಡುವೆ ಸುರಕ್ಷಿತವಾಗಿ ಕೂರೋಕೆ ಜಾಗಾನೇ ಇಲ್ಲ. "ನಮ್ಮ ಮಷೀನು ಸರಿಯಾದ ಲೆವೆಲ್ಲಲ್ಲಿ ಬಿಡುತ್ತೆ, ನೀವು ಅಲ್ಲೇ ಇರಬಹುದು" ಅಂತ ಯಾರಾದ್ರೂ ಹೇಳಿದ್ರೆ ಆ ಸರಿಯಾದ ಲೆವೆಲ್ಲು ಎಷ್ಟು ಅಂತ ನಂಬರ್ ಕೇಳಿ, ಮಾತು ಅಲ್ಲಿಗೇ ನಿಲ್ಲುತ್ತೆ.

ಲೆಕ್ಕ ಹಾಕಿ ತೋರಿಸ್ತೀನಿ, ಗಣಿತ ಸುಲಭಾನೇ. 3 ಮೀಟರ್ ಅಗಲ, 4 ಮೀಟರ್ ಉದ್ದ, 3 ಮೀಟರ್ ಎತ್ತರದ ರೂಮು ಅಂದ್ಕೊಳ್ಳಿ, 36 ಘನ ಮೀಟರ್ ಗಾಳಿ. ಓಝೋನ್ ರೂಮಲ್ಲಿ ಹಾಗೇ ಕೂಡಿಕೊಂಡು ಇರಲ್ಲ, ಗೋಡೆ ಪರದೆ ಹಾಸಿಗೆ ಎಲ್ಲಾ ಅದನ್ನ ತಿನ್ತಾ ಇರುತ್ತೆ, ಸಂದುಗಳಿಂದ ಒಂದಿಷ್ಟು ಆಚೆ ಹೋಗುತ್ತೆ. ತೂತು ಬಿದ್ದ ಬಕೆಟ್ಟಿಗೆ ನಲ್ಲಿ ಬಿಟ್ಟ ಹಾಗೆ, ಒಂದು ಕಡೆ ತುಂಬ್ತಾ ಇನ್ನೊಂದು ಕಡೆ ಸೋರ್ತಾ ಒಂದು ಮಟ್ಟದಲ್ಲಿ ನಿಲ್ಲುತ್ತೆ. ಸಾಮಾನ್ಯ ಮನೆಗಳಲ್ಲಿ ಗೋಡೆ ಸಾಮಾನುಗಳು ತಿನ್ನೋದು ಗಂಟೆಗೆ ಸುಮಾರು 3 ರೂಮಿನ ಗಾಳೀಲಿರೋಷ್ಟು ಓಝೋನ್, ಬಾಗಿಲು ಕಿಟಕಿ ಹಾಕಿದ್ರೆ ಸೋರೋದು ಅರ್ಧ ರೂಮಿನಷ್ಟು ಅಂತ ಇಟ್ಕೊಂಡ್ರೆ ಒಟ್ಟು ಮೂರೂವರೆ. ಈಗ ಗಂಟೆಗೆ ಬರೀ 50 ಮಿಲಿಗ್ರಾಂ ಓಝೋನ್ ಬಿಡೋ ಪುಟ್ಟ ಮಷೀನು ಇಟ್ರಿ ಅನ್ನಿ. 50ನ್ನ 36ರಿಂದ ಭಾಗಿಸಿ, ಮತ್ತೆ ಮೂರೂವರೆಯಿಂದ ಭಾಗಿಸಿ, ಘನ ಮೀಟರ್‌ಗೆ 0.4 ಮಿಲಿಗ್ರಾಂ ಬರುತ್ತೆ. ಒಂದು ಪಿಪಿಎಂ ಓಝೋನ್ ಅಂದ್ರೆ ಘನ ಮೀಟರ್‌ಗೆ ಹೆಚ್ಚುಕಮ್ಮಿ 2 ಮಿಲಿಗ್ರಾಂ, ಹಾಗಾಗಿ ರೂಮು ನಿಲ್ಲೋದು 0.2 ಪಿಪಿಎಂನಲ್ಲಿ. ಮನೆ ಮಿತಿಯ 4 ಪಟ್ಟು, ಅದೂ "ತುಂಬಾ ಕಮ್ಮಿ, ಪುಟ್ಟ ಮಷೀನು" ಅನ್ನೋದ್ರಲ್ಲಿ.

ಇನ್ನು ಆನ್‌ಲೈನಲ್ಲಿ ಧಾರಾಳವಾಗಿ ಸಿಗೋ, ಗಂಟೆಗೆ 10,000 ಮಿಲಿಗ್ರಾಂ ಅಂತ ದೊಡ್ಡದಾಗಿ ಬರೆದಿರೋದನ್ನ ಅದೇ ರೂಮಲ್ಲಿ ಇಟ್ರೆ? ಅದೇ ಲೆಕ್ಕ, 200 ಪಟ್ಟು, 40 ಪಿಪಿಎಂ. ಜೀವಕ್ಕೆ ಅಪಾಯ ಅನ್ನೋ ಗುರುತು 5ಕ್ಕೇ ಇತ್ತು, ನೆನಪಿದೆಯಲ್ಲ. ಬರೆದಿರೋಷ್ಟು ಓಝೋನನ್ನ ಮಷೀನು ನಿಜವಾಗ್ಲೂ ಬಿಡಲ್ಲ, ಅರ್ಧ ಬಿಟ್ರೆ ಹೆಚ್ಚು ಅಂತಲೇ ಇಟ್ಕೊಳ್ಳಿ, ಆಗಲೂ 20. ಇದನ್ನ ಬೆಡ್‌ರೂಮಲ್ಲಿ ಹಾಕಿ ಪಕ್ಕದ ರೂಮಲ್ಲಿ ಮಲಗ್ತೀವಿ ಅಂತ ಒಬ್ರು ಹೇಳಿದ್ರು ನನಗೆ, ಬಾಗಿಲ ಕೆಳಗಿನ ಸಂದು ಎಷ್ಟಿದೆ ಅಂತ ಕೇಳಿದೆ, ಬೆರಳು ತೂರುತ್ತೆ ಅಂದ್ರು. ಬೆರಳು ತೂರೋ ಕಡೆ ಗಾಳಿ ತೂರಲ್ವಾ!

ಹಾಗಾದ್ರೆ ವಾಸನೆ ಹೋಗಿದ್ದು ಗೊತ್ತಾಗುತ್ತಲ್ಲ ಅಂತೀರಾ. ಎರಡು ಕಾರಣ ಇದೆ. ಒಂದು ನಿಜವಾದದ್ದು: ಕೆಲವು ವಾಸನೆ ಅಣುಗಳಲ್ಲಿ ಕಾರ್ಬನ್ ಕಾರ್ಬನ್ ಮಧ್ಯೆ ಡಬಲ್ ಬಾಂಡ್, ಅಂದ್ರೆ ಜೋಡಿ ಕೊಂಡಿ, ಇರುತ್ತೆ, ಓಝೋನ್ ಮೊದಲು ಹೋಗಿ ಹಿಡಿಯೋದೇ ಅದನ್ನ, ಅಂಥವು ಬೇಗ ಮುರಿದುಹೋಗುತ್ತೆ. ಎರಡನೇದು ಮೋಸ: ಓಝೋನ್ ನಿಮ್ಮ ಮೂಗನ್ನೇ ಮಂಕು ಮಾಡುತ್ತೆ. ಮೊದಲ ಐದು ಹತ್ತು ನಿಮಿಷ ಅದರ ವಾಸನೆ ಜೋರಾಗಿ ಗೊತ್ತಾಗುತ್ತೆ, 0.01 0.02 ಪಿಪಿಎಂ ಆಸುಪಾಸಲ್ಲೇ ಮೂಗು ಹಿಡಿಯುತ್ತೆ, ಆಮೇಲೆ ಮೂಗು ಒಗ್ಗಿಕೊಂಡು ಅದೂ ಗೊತ್ತಾಗಲ್ಲ ಬೇರೆ ವಾಸನೇನೂ ಸರಿಯಾಗಿ ಗೊತ್ತಾಗಲ್ಲ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ್ರಂತೆ ಅನ್ನೋ ಗಾದೆ ಇಲ್ವಾ, ಇಲ್ಲಿ ವಾಸನೆ ಬಂತು ಅಂತ ಕೊಯ್ದುಕೊಳ್ಳೋದು. ಈಗ ವಾಸನೆ ಬರ್ತಿಲ್ಲ, ಅಂದ್ರೆ ಓಝೋನ್ ಕಮ್ಮಿ ಆಗಿದೆ ಅಂತ ಯಾರೂ ತಿಳ್ಕೋಬೇಡಿ. ಅಂದ ಹಾಗೆ ಗ್ಯಾಸ್ ಲೀಕ್ ವಾಸನೆ ಇರಬಹುದು ಅನ್ನೋ ಅನುಮಾನ ಇರೋ ಕಡೆ ಇಂಥ ಮಷೀನ್ ಹಾಕೋದು ಶುದ್ಧ ಹುಚ್ಚುತನ, ಒಳಗಡೆ ಕಿಡಿ ಹಾರಿಸೋ ಯಂತ್ರ ಅದು.

ಓಝೋನ್ ಮುಟ್ಟದೇ ಇರೋದು ಯಾವುದು ಅನ್ನೋದು ಇನ್ನೂ ಮುಖ್ಯ. ಧೂಳು, ಪರಾಗ, ಹೊಗೆಯ ಸಣ್ಣ ಕಣ, ಅಂದ್ರೆ ಪಿಎಂ 2.5 ಅಂತ ಕರೆಯೋದು, ಇವು ಯಾವುದೂ ಓಝೋನ್‌ನಿಂದ ಹೋಗಲ್ಲ, ಕಣ ಗಾಳೀಲಿ ತೇಲ್ತಾನೇ ಇರುತ್ತೆ. ಕಾರ್ಬನ್ ಡೈಆಕ್ಸೈಡ್ ಹೋಗಲ್ಲ. ಕಾರ್ಬನ್ ಮಾನಾಕ್ಸೈಡ್, ಹೊಸ ಪ್ಲೈವುಡ್ಡಿಂದ ಬರೋ ಫಾರ್ಮಾಲ್ಡಿಹೈಡ್, ಪೇಂಟಿನ ಬೆಂಜೀನ್ ಟಾಲ್ವೀನ್ ಥರದವು, ಇವುಗಳ ಜೊತೆ ಉಸಿರಾಡೋ ಮಟ್ಟದ ಓಝೋನ್ ಎಷ್ಟು ನಿಧಾನಕ್ಕೆ ಬೆರೆಯುತ್ತೆ ಅಂದ್ರೆ ತಿಂಗಳು ವರ್ಷಗಟ್ಟಲೆ ಕಾಯ್ಬೇಕು, ಅಷ್ಟರಲ್ಲಿ ಕಿಟಕಿ ಸಂದಿಯಿಂದಲೇ ಅದು ಸಾವಿರ ಸಲ ಆಚೆ ಹೋಗಿರುತ್ತೆ. ಬೂಷ್ಟಿನ ವಿಷಯದಲ್ಲಂತೂ ಜನ ಪದೇ ಪದೇ ಮೋಸ ಹೋಗ್ತಾರೆ. ಗೋಡೆ ಮೇಲಿನ ಬೂಷ್ಟು ಸ್ವಲ್ಪ ಸತ್ರೂ ಒಳಗೆ ಬೇರು ಹಾಗೇ ಇರುತ್ತೆ, ಗೋಡೆ ತೇವ ಹಾಗೇ ಇರುತ್ತೆ, ವಾರ ಬಿಟ್ಟು ಮತ್ತೆ ಬರುತ್ತೆ. ಸತ್ತ ಬೂಷ್ಟೂ ಅಲರ್ಜಿ ಇರೋರಿಗೆ ಸೀನು ಕೆಮ್ಮು ತರಿಸುತ್ತೆ, ಹಾಗಾಗಿ ಅದನ್ನ ಉಜ್ಜಿ ತೆಗೆದು, ನೀರು ಎಲ್ಲಿಂದ ಬರ್ತಿದೆ ನೋಡಿ ಅದನ್ನ ನಿಲ್ಲಿಸಬೇಕು, ಬೇರೆ ದಾರಿ ಇಲ್ಲ.

ಬೇಡದ್ದನ್ನ ಮುಟ್ಟಲ್ಲ ಅಷ್ಟೇ ಆಗಿದ್ರೆ ಸುಮ್ನೆ ದುಡ್ಡು ದಂಡ ಅಂದ್ಕೊಂಡು ಬಿಡಬಹುದಿತ್ತು. ಓಝೋನ್ ಹೊಸದನ್ನ ಹುಟ್ಟಿಸುತ್ತೆ, ನನಗೆ ಈ ಇಡೀ ವಿಷಯದಲ್ಲಿ ತುಂಬಾ ಕುತೂಹಲ ಅನ್ಸಿದ್ದು ಇದೇ. ನೆಲ ಒರೆಸೋ ಲಿಕ್ವಿಡ್ಡಲ್ಲಿ, ರೂಮ್ ಫ್ರೆಶ್ನರಲ್ಲಿ ನಿಂಬೆ ವಾಸನೆ ಬರುತ್ತಲ್ಲ, ಅದು ಲಿಮೊನೀನ್, ಪೈನ್ ಮರದ ವಾಸನೆ ಬರೋದು ಪೈನೀನ್. ಇವೆರಡರಲ್ಲೂ ಡಬಲ್ ಬಾಂಡ್ ಇದೆ, ಓಝೋನ್ ಹೋಗಿ ಅದನ್ನ ಕತ್ತರಿಸುತ್ತೆ, ಕತ್ತರಿಸಿದ ತುಂಡುಗಳಲ್ಲಿ ಒಂದು ಫಾರ್ಮಾಲ್ಡಿಹೈಡ್! ಜೊತೆಗೆ ಇನ್ನೊಂದಿಷ್ಟು ತುಂಡುಗಳು ಒಂದಕ್ಕೊಂದು ಅಂಟಿಕೊಂಡು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗುತ್ತೆ, ಶ್ವಾಸಕೋಶದ ತಳದವರೆಗೂ ಹೋಗೋ ಸೈಜಿನವು. ಅಂದ್ರೆ ನೆಲ ಒರೆಸಿ ಘಮ ಘಮ ಅನ್ನೋ ರೂಮಿಗೆ ಓಝೋನ್ ಬಿಟ್ರೆ ಕ್ಲೀನ್ ಆಗೋ ಬದಲು, ಹೊಗೆ ಥರದ್ದನ್ನ ನೀವೇ ತಯಾರು ಮಾಡಿದ ಹಾಗೆ. ಸಿಗರೇಟು ಸೇದಿದ ರೂಮಲ್ಲಿ ಗೋಡೆ ಬಟ್ಟೆಗೆ ನಿಕೋಟಿನ್ ಅಂಟಿರುತ್ತೆ, ಅದರ ಜೊತೆಗೂ ಓಝೋನ್ ಇದೇ ಆಟ ಆಡುತ್ತೆ, ವಾಸನೆ ಕಮ್ಮಿ ಆಯ್ತು ಅಂತ ಖುಷಿ ಪಡೋ ಹೊತ್ತಿಗೆ ಹೊಸ ಸಣ್ಣ ಕಣಗಳು ತೇಲ್ತಿರುತ್ತೆ.

ನಮ್ಮ ಮೈ ಕೂಡ ಇದರಲ್ಲಿ ಪಾಲುದಾರ. ಚರ್ಮದ ಎಣ್ಣೇಲಿ ಸ್ಕ್ವಾಲೀನ್ ಅಂತ ಒಂದಿದೆ, ಒಂದು ಅಣುವಿಗೆ ಆರು ಡಬಲ್ ಬಾಂಡು, ಓಝೋನಿಗೆ ಹಬ್ಬ. ಅದರ ಜೊತೆ, ಚರ್ಮದ ಬೇರೆ ಕೊಬ್ಬುಗಳ ಜೊತೆ ಸೇರಿ ಅಸಿಟೋನು, ಡೆಕನಾಲ್ ಥರದ ಆಲ್ಡಿಹೈಡುಗಳು ಎಲ್ಲಾ ಹುಟ್ಟುತ್ತೆ, ಕೂದಲಿಂದ, ಹಾಕಿಬಿಟ್ಟ ಬಟ್ಟೆಯಿಂದ, ತಲೆದಿಂಬಿನಿಂದ ಕೂಡ. ಓಝೋನ್ ಟ್ರೀಟ್‌ಮೆಂಟ್ ಮಾಡಿದ ರೂಮಲ್ಲಿ ಆಮೇಲೆ ಒಂಥರಾ ಕಮಟು, ಲೋಹದ ಥರದ ವಾಸನೆ ಎರಡು ಮೂರು ದಿನ ಉಳಿಯೋದನ್ನ ಗಮನಿಸಿದ್ರೆ, ಅದು ಓಝೋನ್ ಅಲ್ಲ, ಓಝೋನ್ ಅಷ್ಟು ಹೊತ್ತು ಇರಲ್ಲ, ಅದು ಹುಟ್ಟಿಸಿ ಹೋದ ಮಕ್ಕಳು.

ಮೈಗೆ ಏನಾಗುತ್ತೆ ಅನ್ನೋದನ್ನ ಚಿಕ್ಕದಾಗಿ ಹೇಳ್ಬಿಡ್ತೀನಿ. ಓಝೋನ್ ನೀರಲ್ಲಿ ಅಷ್ಟಾಗಿ ಕರಗಲ್ಲ, ಹಾಗಾಗಿ ಮೂಗು ಗಂಟಲ ತೇವದಲ್ಲೇ ಪೂರ್ತಿ ನಿಲ್ಲದೆ ಆಳಕ್ಕೆ ಇಳಿಯುತ್ತೆ. ಕೆಮ್ಮು, ಗಂಟಲು ಕೆರೆತ, ಎದೆ ಬಿಗಿತ, ಪೂರ್ತಿ ಉಸಿರು ಎಳೆದ್ರೆ ನೋವು. ಅಸ್ತಮಾ ಇರೋರಿಗೆ ಅಟ್ಯಾಕ್ ಬರಬಹುದು. ಓಡಾಡ್ತಾ ಜೋರಾಗಿ ಉಸಿರಾಡೋರಿಗೆ, ಮಕ್ಕಳಿಗೆ ಏಟು ಜಾಸ್ತಿ. ಮಾಸ್ಕ್ ಹಾಕ್ಕೊಂಡ್ರೆ ಆಯ್ತಲ್ಲ ಅಂದ್ರೆ, ಎನ್95 ಆಗ್ಲಿ ಬಟ್ಟೆ ಮಾಸ್ಕ್ ಆಗ್ಲಿ ಹಿಡಿಯೋದು ಕಣಗಳನ್ನ, ಅನಿಲವನ್ನಲ್ಲ. ಔಷಧಿ ರೂಪದಲ್ಲೂ ಇದಕ್ಕೆ ಜಾಗ ಇಲ್ಲ ಅನ್ನೋದನ್ನ ಎಫ್‌ಡಿಎ ತನ್ನ ನಿಯಮದಲ್ಲೇ ಬರೆದಿಟ್ಟಿದೆ, ಇದೊಂದು ವಿಷಾನಿಲ, ಚಿಕಿತ್ಸೇಲಿ ಇದರಿಂದ ಗೊತ್ತಿರೋ ಉಪಯೋಗ ಯಾವುದೂ ಇಲ್ಲ ಅಂತ.

ಇಷ್ಟೆಲ್ಲ ಬೈದ್ಮೇಲೂ, ಓಝೋನ್ ಟ್ರೀಟ್‌ಮೆಂಟ್ ಮಾಡೋರು ಎಲ್ಲರೂ ಮೋಸಗಾರರಲ್ಲ. ಬೆಂಕಿ ಬಿದ್ದು ಹೊಗೆ ಹಿಡಿದ ಮನೆ, ವರ್ಷಗಟ್ಟಲೆ ಸಿಗರೇಟು ಸೇದಿದ ಕಾರು, ಸಾಕುಪ್ರಾಣಿಯ ಮೂತ್ರ ಇಳಿದ ಖಾಲಿ ಫ್ಲಾಟು, ಇಂಥ ಕಡೆ ಗೊತ್ತಿರೋರು ಮಾಡಿದ್ರೆ ವಾಸನೆ ನಿಜವಾಗ್ಲೂ ಇಳಿಯುತ್ತೆ. ಇದಕ್ಕೆ ಶಾಕ್ ಟ್ರೀಟ್‌ಮೆಂಟ್ ಅಂತಾರೆ, ಹೆಸರೇ ಹೇಳೋ ಹಾಗೆ ಜೋರು ಡೋಸು, ಸ್ವಲ್ಪ ಹೊತ್ತು, ಒಳಗೆ ಉಸಿರಾಡೋದು ಏನೇನೂ ಇರಬಾರದು. ಏನೇನೂ ಅಂದ್ರೆ ಜನ ಮಾತ್ರ ಅಲ್ಲ, ನಾಯಿ ಬೆಕ್ಕು, ಪಕ್ಷಿಗಳಂತೂ ಮೊದಲು, ಕುಂಡದ ಗಿಡಗಳು, ಮೀನಿನ ತೊಟ್ಟಿ ಕೂಡ. ಮೀನು ನೀರಲ್ಲಿದೆಯಲ್ಲ ಅನ್ಕೋತೀವಿ, ಅದರ ಏರ್ ಪಂಪು ರೂಮಿನ ಗಾಳೀನೇ ಎಳೆದು ನೀರಿಗೆ ಊದ್ತಿರುತ್ತೆ.

ಮೊದಲು ಕೊಳೆ ತೆಗೀಬೇಕು, ಗೋಡೆ ಒರೆಸಿ, ಬಟ್ಟೆ ಒಗೆದು, ವಾಸನೆಯ ಮೂಲ ಹುಡುಕಿ. ಇಲಿ ಸತ್ತು ಬಿದ್ದಿದ್ರೆ, ಡ್ರೈನಿನ ಬಗ್ಗು ಪೈಪಲ್ಲಿ ನೀರು ಒಣಗಿ ಚರಂಡಿ ಗಾಳಿ ಮೇಲೆ ಬರ್ತಿದ್ರೆ ಎಷ್ಟು ಓಝೋನ್ ಹಾಕಿದ್ರೂ ಅಷ್ಟೇ, ಡ್ರೈನಿಗೆ ಒಂದು ಮಗ್ ನೀರು ಹಾಕಿದ್ರೆ ಮುಗೀತಿತ್ತು. ಆಮೇಲೆ ರಬ್ಬರ್, ಎಲಾಸ್ಟಿಕ್, ಹೆಡ್‌ಫೋನ್ ಫೋಮು, ಬೆಲೆಬಾಳೋ ಪೇಂಟಿಂಗು, ಬಣ್ಣ ಮಾಸೋ ಬಟ್ಟೆ ಎಲ್ಲಾ ಆಚೆ. ಅಲ್ಲಿನ ಗಾಳಿ ಬೇರೆ ರೂಮಿಗೆ ಹೋಗೋ ಎಸಿ ಡಕ್ಟ್ ಇದ್ರೆ ಮುಚ್ಚಬೇಕು, ಬಾಗಿಲ ಸಂದಿಗೆ ಟೇಪು, ಬಾಗಿಲ ಮೇಲೆ ಒಳಗೆ ಬರಬೇಡಿ ಅಂತ ಬರೆದ ಚೀಟಿ. ಮಷೀನು ಎತ್ತರದಲ್ಲಿ ಇಡ್ತಾರೆ, ಓಝೋನ್ ಗಾಳಿಗಿಂತ ಭಾರ ಅಂತ, ಜೊತೆಗೊಂದು ಫ್ಯಾನು ತಿರುಗಿದ್ರೆ ಮೂಲೆ ಮೂಲೆಗೂ ಹೋಗುತ್ತೆ. ಸ್ವಿಚ್ಚು ಟೈಮರ್ ಎಲ್ಲಾ ರೂಮಿನ ಹೊರಗಡೆ ಇದ್ರೆ ಒಳ್ಳೇದು, ಆಫ್ ಮಾಡೋಕೆ ಅಂತ ಒಳಗೆ ಹೋಗೋದೇ ಅಪಾಯದ ಗಳಿಗೆ.

ಆಫ್ ಆದ್ಮೇಲೆ ಎಷ್ಟು ಹೊತ್ತು ಕಾಯ್ಬೇಕು? ಮೇಲಿನ ಲೆಕ್ಕದ ಪ್ರಕಾರ ಓಝೋನ್ ಸುಮಾರು 12 ನಿಮಿಷಕ್ಕೊಮ್ಮೆ ಅರ್ಧ ಆಗ್ತಾ ಹೋಗುತ್ತೆ, 40ರಿಂದ 0.05ಕ್ಕೆ ಇಳಿಯೋಕೆ ಹತ್ತು ಸಲ ಅರ್ಧ ಆಗಬೇಕು, ಅಂದ್ರೆ ಎರಡು ಗಂಟೆ. ಆದ್ರೆ ಇದು ಕಾಗದದ ಲೆಕ್ಕ. ಜೋರು ಡೋಸ್ ಕುಡಿದ ಗೋಡೆಗೆ ಹೊಟ್ಟೆ ತುಂಬಿರುತ್ತೆ, ಮತ್ತೆ ತಿನ್ನೋ ವೇಗ ಇಳಿಯುತ್ತೆ, ಖಾಲಿ ರೂಮಲ್ಲಿ ತಿನ್ನೋಕೆ ಸಾಮಾನೂ ಕಮ್ಮಿ. ಹಾಗಾಗಿ ಹೊರಗಿಂದಲೇ ತೆಗೆಯೋಕಾಗೋ ಕಿಟಕಿ ತೆಗೆದು, ಎಕ್ಸಾಸ್ಟ್ ಹಾಕಿ ಹಲವು ಗಂಟೆ ಬಿಟ್ಟು, ಮೀಟರ್ ಇಟ್ಟು ನೋಡಿ ಒಳಗೆ ಹೋಗೋದು ಸರಿ. ಮೂಗನ್ನ ನಂಬೋ ಹಾಗಿಲ್ಲ ಅಂತ ಆಗಲೇ ಹೇಳಿದೀನಿ. ತುಂಬಾ ಅಗ್ಗದ ಮೀಟರ್‌ಗಳನ್ನೂ ಪೂರ್ತಿ ನಂಬಬೇಡಿ, ನೈಟ್ರೋಜನ್ ಡೈಆಕ್ಸೈಡ್ ಥರದ ಬೇರೆ ಅನಿಲ ಬಂದ್ರೂ ಓಝೋನ್ ಅಂತ ತೋರಿಸೋ ಸೆನ್ಸರ್‌ಗಳಿವೆ. ಆ ನೈಟ್ರೋಜನ್ ಆಕ್ಸೈಡುಗಳೂ ಕೆಲವೊಮ್ಮೆ ಈ ಮಷೀನಿಂದಲೇ ಬರುತ್ತೆ, ಮಾಮೂಲಿ ಗಾಳೀಲಿ ಕಿಡಿ ಹಾರಿಸಿದ್ರೆ ಆಕ್ಸಿಜನ್ ಜೊತೆ ನೈಟ್ರೋಜನ್ನೂ ಸುಟ್ಟುಕೊಳ್ಳುತ್ತೆ.

ಓಝೋನ್ ಅಂತ ಹೆಸರೇ ಇಲ್ಲದೆ ಓಝೋನ್ ಬಿಡೋ ಮಷೀನುಗಳೂ ಇವೆ, ಜನ ಸಿಕ್ಕಿಹಾಕ್ಕೊಳ್ಳೋದು ಹೆಚ್ಚಾಗಿ ಇಲ್ಲೇ. "ಆಕ್ಟಿವೇಟೆಡ್ ಆಕ್ಸಿಜನ್", "ಸೂಪರ್ ಆಕ್ಸಿಜನ್", "ಪ್ಲಾಸ್ಮಾ", "ಅಯಾನೈಸರ್" ಅಂತೆಲ್ಲ ಬರೆದಿರ್ತಾರೆ. ಮೊದಲ ಎರಡು ಓಝೋನಿಗೇ ಇಟ್ಟ ಮುದ್ದಿನ ಹೆಸರು. ಅಯಾನೈಸರ್, ಪ್ಲಾಸ್ಮಾ ಮಷೀನುಗಳಲ್ಲಿ ಹೈ ವೋಲ್ಟೇಜ್ ಇರುತ್ತೆ, ಡಿಸೈನ್ ಮೇಲೆ ಹೋಗುತ್ತೆ, ಕೆಲವು ಏನೂ ಇಲ್ಲ ಅನ್ನೋಷ್ಟು ಕಮ್ಮಿ ಬಿಡುತ್ತೆ ಕೆಲವು ಚೆನ್ನಾಗೇ ಬಿಡುತ್ತೆ. ಯುವಿ ಲೈಟ್ ಇರೋದ್ರಲ್ಲಿ ನೋಡಬೇಕಾದ್ದು ತರಂಗದ ಅಳತೆ: 185 ನ್ಯಾನೋಮೀಟರ್ ಬೆಳಕು ಆಕ್ಸಿಜನ್ನನ್ನ ಒಡೆದು ಓಝೋನ್ ಮಾಡುತ್ತೆ, 254 ನ್ಯಾನೋಮೀಟರ್ ಓಝೋನ್ ಮಾಡಲ್ಲ, ಬದಲಿಗೆ ಇದ್ದದ್ದನ್ನೇ ಒಡೆಯುತ್ತೆ. ಒಂದೇ ಥರ ಕಾಣೋ ಎರಡು ಬಲ್ಬು, ಗಾಜಿನ ಗುಣ ಬೇರೆ ಅಷ್ಟೇ. ಖರೀದಿ ಮಾಡೋವಾಗ ಯುಎಲ್ ಅನ್ನೋ ಸುರಕ್ಷತಾ ಪರೀಕ್ಷೆ ಸಂಸ್ಥೆಯ ಯುಎಲ್ 2998 ಅನ್ನೋ ಗುರುತು ಇದ್ರೆ ಅದು 0.005 ಪಿಪಿಎಂಗಿಂತ ಜಾಸ್ತಿ ಓಝೋನ್ ಬಿಡಲ್ಲ ಅಂತ ಟೆಸ್ಟ್ ಆಗಿದೆ ಅಂತ ಅರ್ಥ. ಮಾಮೂಲಿ ಹೆಪಾ, ಅಂದ್ರೆ ಸಣ್ಣ ಕಣ ಹಿಡಿಯೋ ಫಿಲ್ಟರ್ ಇರೋ ಪ್ಯೂರಿಫೈಯರಲ್ಲಿ ಅಯಾನೈಸರ್ ಬಟನ್ ಬೇರೆ ಇದ್ರೆ, ಅದನ್ನ ಆಫ್ ಮಾಡಿಟ್ರೂ ಫಿಲ್ಟರ್ ತನ್ನ ಕೆಲಸ ತಾನು ಮಾಡುತ್ತೆ.

ಗಾಳಿ ಕ್ಲೀನ್ ಮಾಡೋದಕ್ಕೆ ಇರೋ ದಾರಿಗಳು ಬೋರಿಂಗ್, ಅದಕ್ಕೇ ಅದರ ಜಾಹೀರಾತು ಯಾರೂ ಮಾಡಲ್ಲ. ಕೊಳೆ ಹುಟ್ಟೋ ಕಡೆಯೇ ನಿಲ್ಲಿಸೋದು, ಒಲೆ ಮೇಲೆ ಎಕ್ಸಾಸ್ಟು, ತೇವ ಇಳಿಸೋದು, ಹೊರಗಿನ ಗಾಳಿ ಚೆನ್ನಾಗಿರೋ ಹೊತ್ತಲ್ಲಿ ಎದುರುಬದುರು ಕಿಟಕಿ ತೆಗೆಯೋದು. ಧೂಳು ಹೊಗೆಗೆ ಹೆಪಾ ಫಿಲ್ಟರ್, 0.3 ಮೈಕ್ರಾನ್ ಕಣಗಳನ್ನೂ 99.97 ಪರ್ಸೆಂಟ್ ಹಿಡಿಯೋದು ಅದರ ಅಳತೆಗೋಲು, ಹಿಡಿದದ್ದು ಫಿಲ್ಟರಲ್ಲೇ ಉಳಿಯುತ್ತೆ, ಮುರಿದು ಮತ್ತೊಂದಾಗಲ್ಲ. ವಾಸನೆಗೆ ಆಕ್ಟಿವೇಟೆಡ್ ಕಾರ್ಬನ್, ಅದೂ ತೆಳ್ಳಗಿನ ಕಪ್ಪು ಜಾಲರಿ ಥರದ್ದಲ್ಲ, ಕೈಯಲ್ಲಿ ಹಿಡಿದ್ರೆ ಭಾರ ಅನ್ನಿಸೋದು ಬೇಕು, ತುಂಬಿದ ಮೇಲೆ ಬದಲಾಯಿಸ್ಲೂಬೇಕು. ಹೊರಗಿಂದ ಬರೋ ಓಝೋನನ್ನೂ ಅದೇ ಕಾರ್ಬನ್ ತಿಂದುಹಾಕುತ್ತೆ.

ಮಷೀನ್ ಆಗಲೇ ತಂದಾಗಿದೆ, ರಿಟರ್ನೂ ಆಗಲ್ಲ ಅನ್ನೋರಿದ್ದೀರಿ, ಗೊತ್ತು. ಮೊದಲು ಡಬ್ಬಿ ಮೇಲೆ ಗಂಟೆಗೆ ಎಷ್ಟು ಮಿಲಿಗ್ರಾಂ ಅಂತ ಬರೆದಿದೆ ನೋಡಿ, ನಿಮ್ಮ ರೂಮಿನ ಘನ ಮೀಟರಿಂದ ಭಾಗಿಸಿ, ಮೂರೂವರೆಯಿಂದ ಭಾಗಿಸಿ, ಎರಡರಿಂದ ಭಾಗಿಸಿ. ಬಂದ ನಂಬರು 0.05ಕ್ಕಿಂತ ಜಾಸ್ತಿ ಇದ್ರೆ ನೀವಿರೋ ಹೊತ್ತಲ್ಲಿ ಅದರ ಪ್ಲಗ್ ಗೋಡೇಲಿ ಇರಬಾರದು. ಆಟೊಮ್ಯಾಟಿಕ್ಕಾಗಿ ರಾತ್ರಿ ಆನ್ ಆಗೋ ಟೈಮರ್ ಸೆಟ್ಟಿಂಗ್ ಇದ್ರೆ ಅದನ್ನ ಇವತ್ತೇ ತೆಗೆದುಬಿಡಿ.